ಕಂಪ್ಯೂಟರ್ ಜೋಡಿಸುವಾಗ ಕೈಗೆ ಪಟ್ಟಿ ಕಟ್ಟಬೇಕೇ?

ಬೇಸಿಗೆಯ ಮಧ್ಯಾಹ್ನ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬೀರುವಿನ ಹಿಡಿ ಮುಟ್ಟಿದಾಗ ಬೆರಳ ತುದಿಗೆ ಚುರುಕ್ಕೆಂದರೆ, ಆ ಗಳಿಗೆಯಲ್ಲಿ ಮೈ ಏನಿಲ್ಲವೆಂದರೂ 3000 ವೋಲ್ಟಿನ ಆಸುಪಾಸಿನಲ್ಲಿತ್ತು ಎಂದು ಲೆಕ್ಕ. ಅದಕ್ಕಿಂತ ತೀರಾ ಕಡಿಮೆಯಿದ್ದರೆ ನಮ್ಮ ಚರ್ಮಕ್ಕೆ ಸುಳಿವೇ ಸಿಗುವುದಿಲ್ಲ. ಕಂಪ್ಯೂಟರಿನೊಳಗಿನ ಒಂದು ಬಿಡಿ ಚಿಪ್ಪು ಇಷ್ಟನ್ನು ತಡೆದುಕೊಂಡರೆ ಸಾಕು ಎಂದು ತಯಾರಕರು ಈಗ ಇಟ್ಟುಕೊಂಡಿರುವ ಗುರಿಯಾದರೋ 1000 ವೋಲ್ಟ್. ನಮಗೆ ಗೊತ್ತಾಗದ, ಆದರೆ ಚಿಪ್ಪಿಗೆ ಪೆಟ್ಟಾಗಬಲ್ಲ ಈ 1000ದಿಂದ 3000ದವರೆಗಿನ ಜಾಗದಲ್ಲೇ ಆಂಟಿ-ಸ್ಟ್ಯಾಟಿಕ್ ಬಗೆಗಿನ, ಅಂದರೆ ಮೈಯಲ್ಲಿ ಸೇರಿಕೊಳ್ಳುವ ಈ ಸ್ಥಾಯೀ ವಿದ್ಯುತ್ತಿನಿಂದ (ಸ್ಟ್ಯಾಟಿಕ್) ಭಾಗಗಳನ್ನು ಕಾಯುವ ಬಗೆಗಿನ ಜಗಳವೆಲ್ಲ ನಡೆಯುವುದು.

ಜಗಳದ ಎರಡೂ ಬದಿಗೆ ಸಾಕ್ಷಿಯಿದೆ. ಮದರ್‌ಬೋರ್ಡಿನ ಕೈಪಿಡಿ ತೆರೆದರೆ ಮೊದಲ ಪುಟಗಳಲ್ಲೇ ಎಚ್ಚರಿಕೆ: ರಿಸ್ಟ್ ಸ್ಟ್ರ್ಯಾಪ್ (ಮೈಯ ಚಾರ್ಜನ್ನು ತಂತಿಯ ಮೂಲಕ ಸೋರಿಸುವ ಮಣಿಕಟ್ಟಿನ ಪಟ್ಟಿ) ಹಾಕಿಕೊಳ್ಳಿ, ಬೋರ್ಡನ್ನು ಅಂಚಿನಲ್ಲಿ ಹಿಡಿಯಿರಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ, ಅಂಗಡಿಯ ಕೌಂಟರಿನ ಮೇಲೆ ದಿನವಿಡೀ ಮಷಿನ್ ಜೋಡಿಸುವ ಹುಡುಗರ ಕೈಯಲ್ಲಿ ಆ ಪಟ್ಟಿ ಕಾಣುವುದು ಅಪರೂಪ. ಅವರು ಜೋಡಿಸಿಕೊಟ್ಟ ಮಷಿನ್‌ಗಳು ವರ್ಷಗಟ್ಟಲೆ ಓಡುತ್ತಿರುತ್ತವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಒಂದು ಕಂಪ್ಯೂಟರ್ ಜೋಡಿಸಿಕೊಳ್ಳುವವರಿಗೆ ಪಟ್ಟಿ ಕಡ್ಡಾಯವಲ್ಲ, ಮುಟ್ಟುವ ಕ್ರಮ ಕಡ್ಡಾಯ. ಆ ಕ್ರಮ ತಪ್ಪುವ ಸಂಭವ ಇದ್ದಾಗ, ಹವೆ ಒಣಗಿದ್ದಾಗ, ಒಂದರ ಹಿಂದೆ ಒಂದು ಬಿಡಿ ಭಾಗ ಕೈಗೆ ಬರುತ್ತಿದ್ದಾಗ ಪಟ್ಟಿ ಕಟ್ಟಿಕೊಳ್ಳುವುದು ಜಾಣತನ.

ಮನುಷ್ಯನ ಮೈಯನ್ನು ಪರೀಕ್ಷಾಲಯದವರು ಒಂದು 100 ಪಿಕೋಫ್ಯಾರಡ್ ಕೆಪಾಸಿಟರ್, ಅದರ ಮುಂದೊಂದು 1500 ಓಮ್ ರೆಸಿಸ್ಟರ್ ಎಂದು ಸರಳ ಮಾಡಿಕೊಂಡಿದ್ದಾರೆ. 3000 ವೋಲ್ಟಿಗೆ ಏರಿದ ಅಂಥ ಮೈಯಲ್ಲಿರುವ ಶಕ್ತಿ 0.45 ಮಿಲಿಜೂಲ್, ಅಂದರೆ ಏನೂ ಅಲ್ಲ. ಆದರೆ ಅದು ಹೊರಬೀಳುವ ವೇಗ ನೋಡಿ: ಮೊದಲ ಕ್ಷಣಕ್ಕೆ 2 ಆಂಪಿಯರ್ ಕರೆಂಟು, 150 ನ್ಯಾನೋಸೆಕೆಂಡಿನೊಳಗೆ ಬಹುಪಾಲು ಖಾಲಿ. ಟ್ರಾನ್ಸಿಸ್ಟರಿನ ಗೇಟಿನ ಕೆಳಗಿರುವ ಸಿಲಿಕಾನ್ ಡಯಾಕ್ಸೈಡ್ ಪದರ ಪ್ರತಿ ನ್ಯಾನೋಮೀಟರ್ ದಪ್ಪಕ್ಕೆ ಹೆಚ್ಚುಕಡಿಮೆ 1 ವೋಲ್ಟ್ ಮಾತ್ರ ತಡೆಯುತ್ತದೆ. ಕೆಲವೇ ನ್ಯಾನೋಮೀಟರಿನ ಪದರಕ್ಕೆ ಸಾವಿರ ವೋಲ್ಟಿನ ಮಾತೇ ಬೇಡ, ಹತ್ತು ವೋಲ್ಟ್ ನೇರವಾಗಿ ತಾಗಿದರೂ ತೂತು ಬೀಳುತ್ತದೆ.

ಹಾಗಿದ್ದರೂ ಚಿಪ್ಪುಗಳು ಪಟಪಟನೆ ಸಾಯದಿರಲು ಕಾರಣ, ಪ್ರತಿ ಪಿನ್ನಿನ ಬೆನ್ನಿಗೂ ಕೂತಿರುವ ರಕ್ಷಣೆಯ ಡಯೋಡುಗಳು. ಹೊರಗಿನಿಂದ ನುಗ್ಗಿದ ಚಾರ್ಜನ್ನು ಅವು ಗೇಟಿನ ತನಕ ಹೋಗಗೊಡದೆ ಪವರ್ ಅಥವಾ ಗ್ರೌಂಡ್ ಗೆರೆಗೆ ತಿರುಗಿಸುತ್ತವೆ. ಹಿಂದೆ ಹೀಗಿರಲಿಲ್ಲ. ಆರ್‌ಸಿಎ ಕಂಪನಿ 1968ರಲ್ಲಿ 4000 ಸರಣಿಯ ಸಿಮಾಸ್ ಚಿಪ್ಪುಗಳನ್ನು ತಂದ ಕಾಲದ ಆಸುಪಾಸಿನಲ್ಲಿ, ಕೆಲವು ಮಾಸ್ (ಇಂಥದೇ ತೆಳು ಪದರದ ಗೇಟಿನ) ಟ್ರಾನ್ಸಿಸ್ಟರುಗಳು ಕಾಲುಗಳನ್ನೆಲ್ಲ ಒಂದು ಲೋಹದ ಉಂಗುರದಿಂದ ಬಿಗಿದು ಬರುತ್ತಿದ್ದವು; ಬೆಸುಗೆ ಹಾಕಿದ ಮೇಲೆಯೇ ಉಂಗುರ ತೆಗೆಯಬೇಕು. ಇವತ್ತಿಗೂ ಉಳಿದಿರುವ ಅತಿ ಭಯ ಆ ಕಾಲದ ಬಳುವಳಿ. ಆದರೆ ‘ಈಗಿನ ಭಾಗಗಳು ಗಟ್ಟಿ’ ಎಂಬ ಮಾತೂ ಅರ್ಧ ಸತ್ಯವೇ. ರಕ್ಷಣೆಯ ಡಯೋಡು ದೊಡ್ಡದಾದಷ್ಟೂ ಪಿನ್ನಿಗೆ ಕೆಪಾಸಿಟೆನ್ಸ್ ಸೇರಿ ಸಿಗ್ನಲ್ ನಿಧಾನವಾಗುತ್ತದೆ. ಸೆಕೆಂಡಿಗೆ 32 ಗಿಗಾಟ್ರಾನ್ಸ್‌ಫರ್ ಓಡುವ ಪಿಸಿಐಇ 5.0 (ಗ್ರಾಫಿಕ್ಸ್ ಕಾರ್ಡಿನಂಥ ಭಾಗಗಳನ್ನು ಪ್ರೊಸೆಸರಿಗೆ ಜೋಡಿಸುವ ದಾರಿ) ಗೆರೆಗೆ ದಪ್ಪ ಡಯೋಡಿನ ಐಷಾರಾಮ ಇಲ್ಲ. ಚಿಪ್ ಉದ್ಯಮದ ತಜ್ಞರ ಮಂಡಳಿಯೊಂದು 2007ರಲ್ಲಿ 2000 ವೋಲ್ಟಿನ ಹಳೆಯ ಗುರಿಯನ್ನು 1000ಕ್ಕೆ ಇಳಿಸಬಹುದೆಂದು ಹೇಳಿದ್ದು, ಕಾರ್ಖಾನೆಗಳು ಸ್ಟ್ಯಾಟಿಕ್ ಹಿಡಿತವನ್ನು ಚೆನ್ನಾಗಿ ಕಲಿತಿವೆ ಎಂಬ ನಂಬಿಕೆಯ ಮೇಲೆ. ನಿಮ್ಮ ಹಾಲ್‌ನಲ್ಲಿರುವ ಸೋಫಾ ಆ ಲೆಕ್ಕದಲ್ಲಿ ಇರಲಿಲ್ಲ.

ಎಸ್.ಪಿ. ರೋಡಿನ ಹುಡುಗರ ಪರವಾಗಿರುವ ಅಂಶ ಬೇರೆ. ಅವರ ಕೈಗೆ ಬರುವುದು ಬಿಡಿ ಚಿಪ್ಪಲ್ಲ, ಜೋಡಿಸಿದ ಬೋರ್ಡು. ಬೋರ್ಡಿನ ಒಳಪದರದಲ್ಲಿ ಅಗಲವಾದ ತಾಮ್ರದ ಗ್ರೌಂಡ್ ಹಾಳೆಯಿದೆ. ಪವರ್ ಗೆರೆಗಳಿಗೆ ನೂರಾರು ಮೈಕ್ರೊಫ್ಯಾರಡ್ ಕೆಪಾಸಿಟರುಗಳು ಅಂಟಿಕೊಂಡಿವೆ. 3000 ವೋಲ್ಟಿನ ಮೈಯಲ್ಲಿರುವ ಚಾರ್ಜ್ 0.3 ಮೈಕ್ರೊಕೂಲಂಬ್. ಅದಷ್ಟೂ ಒಂದು 100 ಮೈಕ್ರೊಫ್ಯಾರಡ್ ಕೆಪಾಸಿಟರಿನೊಳಗೆ ಬಿದ್ದರೆ ಏರುವ ವೋಲ್ಟೇಜ್ ಕೇವಲ 3 ಮಿಲಿವೋಲ್ಟ್. ಹೀಗಾಗಿ ಸ್ಕ್ರೂ ರಂಧ್ರದ ಸುತ್ತಲಿನ ಬೆಳ್ಳಿ ಬಣ್ಣದ ಬಳೆ, ಹೀಟ್‌ಸಿಂಕ್, ಯುಎಸ್‌ಬಿ ಪೋರ್ಟಿನ ಲೋಹದ ಕವಚ, ಇವನ್ನು ಮುಟ್ಟಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸಿಗ್ನಲ್ ಗೆರೆ ನೇರವಾಗಿ ಚಿಪ್ಪಿನ ಬಾಗಿಲಿಗೆ ಹೋಗುವ ಕಡೆಗಳಲ್ಲಿ ಈ ಆಸರೆ ಇಲ್ಲ: ರ‍್ಯಾಮಿನ ಚಿನ್ನದ ಹಲ್ಲುಗಳು, ಪ್ರೊಸೆಸರಿನ ಅಡಿಯ ಚುಕ್ಕೆಗಳು, ಎಂ.2 ಎಸ್‌ಎಸ್‌ಡಿಯ ತುದಿ, ಗ್ರಾಫಿಕ್ಸ್ ಕಾರ್ಡಿನ ಕೆಳ ಅಂಚು, ಮದರ್‌ಬೋರ್ಡಿನಲ್ಲಿ ಎದ್ದು ನಿಂತಿರುವ ಹೆಡರ್ ಪಿನ್ನುಗಳು. ಮುಟ್ಟಬಾರದ ಜಾಗಗಳು ಇಷ್ಟೇ. ಇದು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ.

‘ಅರೆಗಾಯ’ದ ಬಗ್ಗೆ ಒಂದು ಮಾತು. ಸ್ಟ್ಯಾಟಿಕ್ ತಾಗಿದ ಚಿಪ್ಪು ಅಲ್ಲೇ ಸಾಯದೆ, ದುರ್ಬಲವಾಗಿ ಓಡುತ್ತಿದ್ದು ತಿಂಗಳುಗಳ ನಂತರ ಕೈಕೊಡಬಹುದು ಎನ್ನುವುದು ಸುಳ್ಳಲ್ಲ; ಅಂಥ ಗಾಯಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದ್ದಾರೆ. ಹಾಗೆಂದು ಆರು ತಿಂಗಳ ಮೇಲೆ ಬಂದ ಕಂಪ್ಯೂಟರ್ ಕೈಕೊಟ್ಟಾಗಿನ ಪ್ರತಿಯೊಂದು ನೀಲಿ ಪರದೆಯನ್ನೂ ಜೋಡಿಸಿದವನ ಬರಿಗೈಗೆ ಕಟ್ಟುವುದು ನ್ಯಾಯವಲ್ಲ. ಸಾಬೀತು ಮಾಡಲಾಗದ ಆರೋಪವೂ ಅಲ್ಲಗಳೆಯಲಾಗದ ಆರೋಪವೂ ಒಂದೇ ಆಗಿರುವುದರಿಂದ ಈ ವಾದ ಎಂದಿಗೂ ಮುಗಿಯುವುದಿಲ್ಲ.

ಈಗ ಹವೆ. ಸ್ಟ್ಯಾಟಿಕ್ ಸಲಹೆಗಳಲ್ಲಿ ಬಹುಪಾಲು ಅಮೆರಿಕ, ಯುರೋಪಿನ ಚಳಿ ಮನೆಗಳನ್ನು ನೋಡಿ ಬರೆದವು. ಅಲ್ಲಿ ಅದು ನಿಜವಾದ ಸಮಸ್ಯೆ. ಹೊರಗೆ ಮೈನಸ್ 10 ಡಿಗ್ರಿ ಇರುವ ಗಾಳಿ ಎಷ್ಟೇ ತೇವದಿಂದ ತುಂಬಿದ್ದರೂ, ಒಳಗೆ ತಂದು 21 ಡಿಗ್ರಿಗೆ ಬಿಸಿ ಮಾಡಿದರೆ ಆರ್ದ್ರತೆ ಶೇ. 11ರ ಹತ್ತಿರಕ್ಕೆ ಕುಸಿಯುತ್ತದೆ. ಮೇಲೆ ಗೋಡೆಯಿಂದ ಗೋಡೆಗೆ ಕಾರ್ಪೆಟ್, ಮೈಮೇಲೆ ಸ್ವೆಟರ್, ಕಾಲಿಗೆ ಸಾಕ್ಸ್. ಶೇ. 10ರಿಂದ 25ರ ಆರ್ದ್ರತೆಯಲ್ಲಿ ಕಾರ್ಪೆಟ್ ಮೇಲೆ ನಡೆದವರ ಮೈ 35,000 ವೋಲ್ಟಿನವರೆಗೂ ಏರಬಹುದು ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುವ ಅಂಕಿ. ಅದೇ ಕಾರ್ಪೆಟ್, ಆರ್ದ್ರತೆ ಶೇ. 65 ದಾಟಿದರೆ 1500. ವಿನೈಲ್ ನೆಲಕ್ಕೆ ಇದೇ ಜೋಡಿ 12,000 ಮತ್ತು 250. ಟೊರಾಂಟೊ, ಚಿಕಾಗೊಗಳಲ್ಲಿ ಜನವರಿಯಲ್ಲಿ ಮಷಿನ್ ಜೋಡಿಸಲು ಕೂರುವ ಕನ್ನಡಿಗರು ಊರಿನ ಅಣ್ಣನೋ ಭಾವನೋ ‘ಅದೆಲ್ಲ ಏನೂ ಆಗಲ್ಲ ಮಾರಾಯ’ ಎಂದದ್ದನ್ನು ನಂಬಿಕೊಂಡು ಹೋಗಬಾರದು. ಅಲ್ಲಿ ಪಟ್ಟಿ ಕಟ್ಟಿಕೊಳ್ಳಿ, ಕಾರ್ಪೆಟ್ ಇರುವ ಕೋಣೆ ಬಿಟ್ಟು ಅಡುಗೆಮನೆಯ ಟೈಲ್ಸ್ ಮೇಲೆ ಕೂತುಕೊಳ್ಳಿ.

ಕರ್ನಾಟಕದೊಳಗೂ ಒಂದೇ ಉತ್ತರವಿಲ್ಲ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಅಲ್ಲಿ ಭಾಗಗಳಿಗೆ ಸ್ಟ್ಯಾಟಿಕ್‌ಗಿಂತ ತುಕ್ಕು, ಕಿಲುಬಿನ ಕಾಟ ದೊಡ್ಡದು. ಕಲಬುರಗಿ, ರಾಯಚೂರು, ವಿಜಯಪುರದ ಮಾರ್ಚ್-ಏಪ್ರಿಲ್ ಮಧ್ಯಾಹ್ನ ಪೂರ್ತಿ ಬೇರೆ ಲೋಕ. ಬೆಂಗಳೂರು, ಮೈಸೂರಿನ ಫೆಬ್ರವರಿ-ಮಾರ್ಚ್ ಕೂಡ ನಾವು ಅಂದುಕೊಂಡದ್ದಕ್ಕಿಂತ ಒಣ, ಮಧ್ಯಾಹ್ನದ ಹೊತ್ತಿಗೆ ಆರ್ದ್ರತೆ ಶೇ. 30ರ ಆಸುಪಾಸಿಗೆ ಇಳಿಯುತ್ತದೆ. ಎಸಿ ಇನ್ನಷ್ಟು ತೇವ ಹೀರುತ್ತದೆ. ಅದೇ ಕಲಬುರಗಿಯ ಮನೆಯ ನೀರು ತುಂಬಿದ ಏರ್ ಕೂಲರ್ ತೇವ ಸೇರಿಸುತ್ತದೆ, ಈ ಕೆಲಸಕ್ಕೆ ಎಸಿಗಿಂತ ಅದೇ ವಾಸಿ. ಗಾಳಿ ಮಾತ್ರ ನೇರವಾಗಿ ಬೋರ್ಡಿನ ಮೇಲೆ ಬೀಳದಂತೆ ತಿರುಗಿಸಿಡಿ. ಕೆಲಸ ಶುರು ಮಾಡುವ ಮೊದಲು ಒದ್ದೆ ಬಟ್ಟೆಯಿಂದ ನೆಲ ಒರೆಸುವುದು ಅಗ್ಗದ, ಆದರೆ ನಿಜಕ್ಕೂ ಫಲ ಕೊಡುವ ಉಪಾಯ.

ನಮ್ಮ ಕಡೆ ಇನ್ನೊಂದು ಅನುಕೂಲ, ಮನೆಯೊಳಗೆ ಚಪ್ಪಲಿ ಹಾಕದಿರುವುದು. ಬರಿಗಾಲಿನಲ್ಲಿ ರೆಡ್ ಆಕ್ಸೈಡ್, ಶಹಾಬಾದ್ ಕಲ್ಲು, ಕಡಪ ಕಲ್ಲಿನ ನೆಲದ ಮೇಲೆ ನಿಂತವರ ಮೈಯಲ್ಲಿ ಚಾರ್ಜ್ ನಿಲ್ಲುವುದು ಕಷ್ಟ. ಕಲ್ಲಿನೊಳಗಿನ ಅಲ್ಪ ತೇವವೇ ಅದನ್ನು ಸೋರಿಸುತ್ತದೆ. ಹೊಸ ಫ್ಲ್ಯಾಟುಗಳ ವಿಟ್ರಿಫೈಡ್ ಟೈಲ್ಸ್ ನೀರು ಹೀರದ ವಸ್ತು, ಅಷ್ಟು ಉದಾರಿಯಲ್ಲ. ಹವಾಯಿ ಚಪ್ಪಲಿ ಹಾಕಿಕೊಂಡರಂತೂ ಎಲ್ಲ ನೆಲವೂ ಒಂದೇ. ಪ್ಲಾಸ್ಟಿಕ್ ಚಾಪೆ, ಚಕ್ರದ ಕುರ್ಚಿ, ಪಾಲಿಯೆಸ್ಟರ್ ಬೆಡ್‌ಶೀಟ್ ಹಾಸಿದ ಮಂಚ ಇವು ಮೂರೂ ಬೇಡ. ಮರದ ಮೇಜು ಒಳ್ಳೆಯದು. ಅದರ ಮೇಲೆ ಹಾಸಿರುವ ಹೂವಿನ ಚಿತ್ತಾರದ ಪ್ಲಾಸ್ಟಿಕ್ ಹಾಳೆಯನ್ನು ತೆಗೆದಿಡಿ. ಹತ್ತಿಯ ಬಟ್ಟೆ, ಗಿಡ್ಡ ತೋಳು.

ಇನ್ನು ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ತಿಳಿದುಕೊಂಡಿರುವ ವಿಷಯಕ್ಕೆ ಬರೋಣ. ಸ್ಟ್ಯಾಟಿಕ್ ರಕ್ಷಣೆ ಎಂದರೆ ಅರ್ಥಿಂಗ್ ಎಂದೇ ಹೆಚ್ಚಿನವರ ಎಣಿಕೆ. ಹಾಗಲ್ಲ. ಎರಡು ತೊಟ್ಟಿಗಳ ನೀರಿನ ಮಟ್ಟ ಒಂದೇ ಇದ್ದರೆ ನಡುವಿನ ಕೊಳವೆಯಲ್ಲಿ ಹರಿವೇ ಇರುವುದಿಲ್ಲ. ತೊಟ್ಟಿಗಳು ನೆಲದಲ್ಲಿವೆಯೋ ಮಹಡಿಯಲ್ಲಿವೆಯೋ ಮುಖ್ಯವಲ್ಲ. ನಿಮ್ಮ ಮೈ, ಕ್ಯಾಬಿನೆಟ್ಟು, ಕೈಯಲ್ಲಿರುವ ಭಾಗ ಈ ಮೂರೂ ಒಂದೇ ಮಟ್ಟದಲ್ಲಿದ್ದರೆ ಕಿಡಿ ಹಾರಲು ಕಾರಣವಿಲ್ಲ. ಪಟ್ಟಿಯ ಕ್ಲಿಪ್ಪನ್ನು ಗೋಡೆಯ ಅರ್ಥಿಗಲ್ಲ, ಕ್ಯಾಬಿನೆಟ್ಟಿನ ಬರಿ ಲೋಹಕ್ಕೆ ಸಿಕ್ಕಿಸಿದರೂ ಕೆಲಸ ಆಗುತ್ತದೆ. ಕ್ಯಾಬಿನೆಟ್ಟಿಗೂ ಅರ್ಥ್ ಸಿಕ್ಕರೆ ಇನ್ನೂ ಒಳ್ಳೆಯದು, ಹೊರಗಿನಿಂದ ತರುವ ಮುಂದಿನ ಭಾಗವೂ ಅದೇ ಮಟ್ಟಕ್ಕೆ ಬರುತ್ತದೆ. ಆದರೆ ಅದು ಎರಡನೆಯ ಮಾತು.

ಇದನ್ನು ಒತ್ತಿ ಹೇಳಲು ಕಾರಣವಿದೆ. ‘ಎಸ್‌ಎಂಪಿಎಸ್ಸನ್ನು ಪ್ಲಗ್‌ಗೆ ಹಾಕಿಡಿ, ಸ್ವಿಚ್ ಆಫ್ ಇರಲಿ, ಕ್ಯಾಬಿನೆಟ್ ತಾನೇ ಅರ್ಥ್ ಆಗುತ್ತದೆ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. (ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಬದಲಿಸಿ ಕೊಡುವ ಡಬ್ಬಿ.) ಅರ್ಥಿಂಗ್ ಸರಿಯಿರುವ ಮನೆಯಲ್ಲಿ ಅದು ಸರಿಯೇ: ಗೋಡೆಯ ಸ್ವಿಚ್ ಫೇಸನ್ನಷ್ಟೇ ಕಡಿಯುತ್ತದೆ, ಮೂರನೆಯ ದಪ್ಪ ಪಿನ್ನಿನ ಅರ್ಥ್ ಸಂಪರ್ಕ ಹಾಗೇ ಉಳಿಯುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಆ ಮೂರನೆಯ ರಂಧ್ರದ ಹಿಂದೆ ತಂತಿಯೇ ಇರುವುದಿಲ್ಲ, ಅಥವಾ ಇದ್ದರೂ ಮಣ್ಣಿನೊಳಗಿನ ಅರ್ಥಿಂಗ್ ಗುಂಡಿಯ ತನಕ ಹೋಗಿರುವುದಿಲ್ಲ. ಆಗ ಏನಾಗುತ್ತದೆಂದರೆ, ಎಸ್‌ಎಂಪಿಎಸ್ ಒಳಗೆ ಗದ್ದಲ ಸೋಸಲೆಂದು ಫೇಸಿನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಕವಚಕ್ಕೆ ಒಂದೊಂದು ಸಣ್ಣ ಕೆಪಾಸಿಟರ್ ಹಾಕಿರುತ್ತಾರೆ. ಕವಚಕ್ಕೆ ಅರ್ಥ್ ಇಲ್ಲದಿದ್ದರೆ ಅದು 230ರ ಅರ್ಧಕ್ಕೆ, ಸುಮಾರು 115 ವೋಲ್ಟಿಗೆ ತೇಲುತ್ತದೆ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎನ್ನುವುದು ಇದರಿಂದಲೇ, ಸ್ಟ್ಯಾಟಿಕ್‌ನಿಂದ ಅಲ್ಲ. ಸ್ಟ್ಯಾಟಿಕ್ ಒಮ್ಮೆ ಕಚ್ಚಿ ಸುಮ್ಮನಾಗುತ್ತದೆ, ಇದು ಮುಟ್ಟಿದಷ್ಟು ಹೊತ್ತೂ ಇರುತ್ತದೆ. ಹಲವು ಎಸ್‌ಎಂಪಿಎಸ್‌ಗಳಲ್ಲಿ ಈ ಕೆಪಾಸಿಟರುಗಳು ಹಿಂಬದಿಯ ಸ್ವಿಚ್ಚಿಗಿಂತ ಮೊದಲೇ ಕೂತಿರುವುದರಿಂದ, ಅದನ್ನು ಆಫ್ ಮಾಡಿದರೂ ಗೋಡೆಯಲ್ಲಿ ಆನ್ ಇದ್ದರೆ ಜುಮ್ಮು ನಿಲ್ಲುವುದಿಲ್ಲ. ವೈರಿಂಗ್ ಮಾಡಿದವರು ಫೇಸು-ನ್ಯೂಟ್ರಲ್ ಅದಲುಬದಲು ಮಾಡಿದ್ದರಂತೂ ಗೋಡೆಯ ಸ್ವಿಚ್ ಆಫ್ ಇದ್ದರೂ ಫೇಸ್ ಒಳಗೇ ಇರುತ್ತದೆ.

ಹಾಗಾಗಿ ಮೊದಲು ಸಾಕೆಟ್ ಪರೀಕ್ಷಿಸಿ. ಮೂರು ಪುಟ್ಟ ದೀಪಗಳಿರುವ ಸಾಕೆಟ್ ಟೆಸ್ಟರ್ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಚುಚ್ಚಿದರೆ ಅರ್ಥ್ ಇದೆಯೇ, ಫೇಸು-ನ್ಯೂಟ್ರಲ್ ಅದಲುಬದಲಾಗಿದೆಯೇ ಎಂದು ತೋರಿಸುತ್ತದೆ. ಮಲ್ಟಿಮೀಟರ್ ಬಳಸಿ ಅಭ್ಯಾಸವಿರುವವರು ಎಸಿ ವೋಲ್ಟಿಗೆ ಇಟ್ಟು ನೋಡಬಹುದು: ಫೇಸ್-ನ್ಯೂಟ್ರಲ್ 230ರ ಹತ್ತಿರ, ಫೇಸ್-ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ಎರಡು ಮೂರು ವೋಲ್ಟಿನೊಳಗೆ. ಫೇಸ್-ಅರ್ಥ್ ನೂರರ ಆಸುಪಾಸಿನಲ್ಲಿ ಅಲೆದಾಡಿದರೆ ತಂತಿ ಎಲ್ಲೋ ತುಂಡಾಗಿದೆ ಎಂದೇ ತಿಳಿಯಿರಿ. ಡಿಜಿಟಲ್ ಮೀಟರ್ ಕೆಲವೊಮ್ಮೆ ಸುಳ್ಳು ವೋಲ್ಟೇಜನ್ನೂ ತೋರಿಸುತ್ತದೆ, ಅದಕ್ಕೇ ಹಳೆಯ ಎಲೆಕ್ಟ್ರಿಷಿಯನ್‌ಗಳು ಫೇಸ್-ಅರ್ಥ್ ನಡುವೆ 60 ವಾಟಿನ ಬಲ್ಬ್ ಉರಿಸಿ ನೋಡುವುದು. ಬಲ್ಬ್ ಚೆನ್ನಾಗಿ ಉರಿದರೆ ಅಥವಾ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಟ್ರಿಪ್ ಆದರೆ ಅರ್ಥ್ ಇದೆ. ಇದು ಲೈವ್ ಕೆಲಸ, ಗೊತ್ತಿರುವವರಿಂದಲೇ ಮಾಡಿಸಿ. ಫೇಸ್ ಹುಡುಕುವ ಟೆಸ್ಟರ್ ಸ್ಕ್ರೂಡ್ರೈವರ್ ಅರ್ಥ್ ಇದೆಯೋ ಇಲ್ಲವೋ ಹೇಳಲಾರದು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ಉಪ್ಪು-ಇದ್ದಿಲು ಒಣಗಿ ರೆಸಿಸ್ಟೆನ್ಸ್ ಏರುತ್ತದೆ, ನೀರು ಹಾಕುತ್ತಿರಬೇಕು. ಶಾಕ್‌ನಿಂದ ಜೀವ ಉಳಿಸಲು ಕೆಲವೇ ಓಮ್‌ಗಳ ಅರ್ಥ್ ಬೇಕು. ಸ್ಟ್ಯಾಟಿಕ್ ಸೋರಿಸಲು ಲಕ್ಷಾಂತರ ಓಮ್ ಇದ್ದರೂ ನಡೆಯುತ್ತದೆ. ಸಂದೇಹವಿದ್ದರೆ ಪ್ಲಗ್ ಪೂರ್ತಿ ಕಿತ್ತು, ಪಟ್ಟಿಯನ್ನು ಕ್ಯಾಬಿನೆಟ್ಟಿಗೆ ಸಿಕ್ಕಿಸಿಕೊಂಡು ಕೆಲಸ ಮಾಡುವುದೇ ನನ್ನ ಶಿಫಾರಸು.

ನೀರಿನ ನಲ್ಲಿ ಮುಟ್ಟಿ ಬನ್ನಿ ಎಂಬ ಹಳೆಯ ಸಲಹೆ ಜಿಐ (ಕಬ್ಬಿಣದ) ಪೈಪಿನ ಕಾಲದ್ದು. ಸಿಪಿವಿಸಿ (ಪ್ಲಾಸ್ಟಿಕ್) ಪೈಪಿನ ಮನೆಯಲ್ಲಿ ನಲ್ಲಿ ಬರೀ ಲೋಹದ ತುಂಡು. ಗೋಡೆಯಲ್ಲಿ ಹುದುಗಿರುವ ಕಿಟಕಿಯ ಕಬ್ಬಿಣದ ಸರಳು ಅದಕ್ಕಿಂತ ಮೇಲು, ಬಣ್ಣ ಕಿತ್ತುಹೋದ ಜಾಗ ಹುಡುಕಿ ಮುಟ್ಟಬೇಕು.

ಪಟ್ಟಿಯ ವಿಷಯ. ಇನ್ನೂರು ಮುನ್ನೂರು ರೂಪಾಯಿಯ ಸಾಮಾನು. ಅದರೊಳಗೆ ಕಣ್ಣಿಗೆ ಕಾಣದ ಒಂದು ಭಾಗವಿದೆ, ತಂತಿಯ ಬುಡದಲ್ಲಿ ಅಡಗಿರುವ 1 ಮೆಗಾಓಮ್ ರೆಸಿಸ್ಟರ್. ಕೆಲಸ ಎರಡು: ಚಾರ್ಜನ್ನು ದಿಢೀರನೆ ಬಿಡದೆ ಮೆಲ್ಲಗೆ ಸೋರಿಸುವುದು, ಮತ್ತು ಅಪ್ಪಿತಪ್ಪಿ ಇನ್ನೊಂದು ಕೈ 230 ವೋಲ್ಟಿಗೆ ತಾಗಿದರೆ ಪಟ್ಟಿಯ ಮೂಲಕ ಹರಿಯುವ ಕರೆಂಟನ್ನು 0.23 ಮಿಲಿಆಂಪಿಯರಿಗೆ ಮಿತಿಗೊಳಿಸುವುದು. ಮೆಲ್ಲಗೆ ಎಂದರೂ ಮೈ ಖಾಲಿಯಾಗಲು ಮಿಲಿಸೆಕೆಂಡೂ ಬೇಡ. ತಂದ ದಿನವೇ ಮಲ್ಟಿಮೀಟರಿನಲ್ಲಿ ಅಳೆಯಿರಿ: ಒಂದು ಮೊನೆ ಪಟ್ಟಿಯ ಒಳಮುಖದ ಲೋಹದ ಬಿಲ್ಲೆಗೆ, ಇನ್ನೊಂದು ಕ್ಲಿಪ್ಪಿಗೆ. 1 ಮೆಗಾಓಮ್ ಆಚೀಚೆ ತೋರಿಸಬೇಕು. ಸೊನ್ನೆ ತೋರಿಸಿದರೆ ರೆಸಿಸ್ಟರೇ ಇಲ್ಲ, ಎಸೆಯಿರಿ. ಏನೂ ತೋರಿಸದಿದ್ದರೆ ತಂತಿ ತುಂಡು, ಬರೀ ಅಲಂಕಾರ. ಅಗ್ಗದ ಪಟ್ಟಿಗಳಲ್ಲಿ ಎರಡನೆಯ ರೋಗ ಸಾಮಾನ್ಯ. ಬಿಲ್ಲೆ ಚರ್ಮಕ್ಕೆ ಅಂಟಿಕೊಂಡಿರಬೇಕು. ಅಂಗಿಯ ತೋಳಿನ ಮೇಲೆ ಕಟ್ಟಿಕೊಂಡರೆ ಪ್ರಯೋಜನವಿಲ್ಲ. ಮೈಯೂ ಪಟ್ಟಿಯೂ ಸೇರಿ 35 ಮೆಗಾಓಮ್ ಒಳಗಿರಬೇಕೆಂಬುದು ಕಾರ್ಖಾನೆಗಳ ನಿಯಮ, ಒಣಗಿ ಬಿರಿದ ಚರ್ಮಕ್ಕೆ ಅದೂ ದಾಟೀತು. ಕೈ ತೊಳೆದು ಅರೆತೇವ ಇರುವಾಗ ಕಟ್ಟಿಕೊಂಡರೆ ಸರಿಹೋಗುತ್ತದೆ.

ಕ್ಲಿಪ್ ಎಲ್ಲಿಗೆ ಎನ್ನುವುದರಲ್ಲೇ ಹೆಚ್ಚಿನವರು ಎಡವುವುದು. ಕ್ಯಾಬಿನೆಟ್ಟಿನ ಕಪ್ಪು ಪೌಡರ್ ಬಣ್ಣ ಒಳ್ಳೆಯ ಇನ್ಸುಲೇಟರ್. ಹಿಂಬದಿಯ ಪಿಸಿಐ ಸ್ಲಾಟಿನ ಬಣ್ಣವಿಲ್ಲದ ತಗಡು, ಮದರ್‌ಬೋರ್ಡ್ ಕೂರುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್, ಎಸ್‌ಎಂಪಿಎಸ್ ಸ್ಕ್ರೂ, ಇವು ಸರಿ. ಪ್ಲಗ್ ಕಿತ್ತಿಟ್ಟ ಪವರ್ ಕೇಬಲಿನ ದಪ್ಪ ಪಿನ್ನಿಗೂ ನೀವು ಆರಿಸಿದ ಲೋಹಕ್ಕೂ ನಡುವೆ ಮೀಟರ್ ಬೀಪ್ ಎಂದರೆ ಖಾತ್ರಿ. ತಂತಿಯೇ ಇಲ್ಲದ ‘ವೈರ್‌ಲೆಸ್’ ಪಟ್ಟಿಗಳು ಬರುತ್ತವೆ, ಅವುಗಳಿಂದ ಏನೂ ಆಗುವುದಿಲ್ಲ. ಚಾರ್ಜ್ ಹೋಗಲು ದಾರಿ ಬೇಡವೇ. ಮಷಿನ್ ಆನ್ ಇರುವಾಗ ಪಟ್ಟಿ ಬಿಚ್ಚಿಡಿ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ, ಅದರೊಳಗಿನ ದೊಡ್ಡ ಕೆಪಾಸಿಟರು ಪ್ಲಗ್ ಕಿತ್ತ ಮೇಲೂ 325 ವೋಲ್ಟಿನ ಹತ್ತಿರ ಹಿಡಿದಿಟ್ಟುಕೊಂಡಿರಬಹುದು. ಆಂಟಿ-ಸ್ಟ್ಯಾಟಿಕ್ ಮ್ಯಾಟ್ ರಿಪೇರಿ ಅಂಗಡಿಗೆ ಬೇಕು, ಒಂದು ಮಷಿನ್ನಿಗೆ ಅನವಶ್ಯಕ.

ಪಟ್ಟಿ ಇಲ್ಲದೆ ಮಾಡುವವರ ಕ್ರಮ ಹೀಗಿರಲಿ. ಭಾಗವನ್ನು ಪೆಟ್ಟಿಗೆಯಿಂದ ತೆಗೆಯಿರಿ, ಚೀಲದಿಂದ ಬೇಡ. ಚೀಲದ ಸಮೇತ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ; ಚೀಲವನ್ನೂ ಲೋಹಕ್ಕೆ ತಾಗಿಸಿ. ಆಮೇಲೆ ಚೀಲ ಬಿಚ್ಚಿ. ಗ್ರಾಫಿಕ್ಸ್ ಕಾರ್ಡಾದರೆ ಸ್ಲಾಟಿಗೆ ಒತ್ತುವ ಮುನ್ನ ಅದರ ತಗಡಿನ ಬ್ರ್ಯಾಕೆಟ್ ಕ್ಯಾಬಿನೆಟ್ಟಿಗೆ ತಾಗಲಿ. ರ‍್ಯಾಮನ್ನು ಎರಡೂ ತುದಿಯಲ್ಲಿ ಹಿಡಿದು, ಹಿಡಿದ ಕೈಯ ಕಿರುಬೆರಳು ಲೋಹದ ಮೇಲಿರುವಾಗಲೇ ಸ್ಲಾಟಿಗೆ ತನ್ನಿ. ಇದಕ್ಕೆ ಕಾರಣ, ಅಪಾಯ ಮೈಯಿಂದ ಮಾತ್ರ ಬರುವುದಿಲ್ಲ. ಭಾಗವೇ ಚಾರ್ಜ್ ಆಗಿದ್ದು ಲೋಹಕ್ಕೆ ತಾಗಿದರೆ ಮೈಯ 1500 ಓಮ್ ತಡೆಯೂ ನಡುವೆ ಇರುವುದಿಲ್ಲ. ಒಂದೇ ನ್ಯಾನೋಸೆಕೆಂಡಿನ ಅಳತೆಯಲ್ಲಿ ಹಲವು ಆಂಪಿಯರ್ ಹರಿದುಬಿಡುತ್ತದೆ. ಈ ಬಗೆಯ ಪೆಟ್ಟಿಗೆ ಚಿಪ್ ತಯಾರಕರ ಗುರಿ 250 ವೋಲ್ಟ್ ಮಾತ್ರ. ಮೊದಲು ತಾಗುವುದು ಗ್ರೌಂಡ್ ಆಗಿರಬೇಕು, ಸಿಗ್ನಲ್ ಹಲ್ಲಲ್ಲ. ಪಕ್ಕದಲ್ಲಿ ನಿಂತವರು ‘ತಗೊಳ್ಳಪ್ಪ’ ಎಂದು ರ‍್ಯಾಮ್ ಚಾಚಿದರೆ ಮೊದಲು ಅವರ ಕೈ ಮುಟ್ಟಿ, ಆಮೇಲೆ ರ‍್ಯಾಮ್ ತಗೊಳ್ಳಿ. ಕುರ್ಚಿಯಿಂದ ಎದ್ದು ಕೂತರೆ, ನೀರು ಕುಡಿದು ಬಂದರೆ, ಸ್ವೆಟರ್ ಕಳಚಿದರೆ ಮತ್ತೆ ಮೊದಲಿನಿಂದ. ಒಮ್ಮೆ ಮುಟ್ಟಿದ್ದು ಅರ್ಧ ಗಂಟೆಗೆ ಸಾಲುತ್ತದೆ ಎಂದುಕೊಳ್ಳುವುದರಲ್ಲೇ ಎಲ್ಲ ಕೆಡುವುದು.

ಯಾರೂ ಎಚ್ಚರಿಸದ ಒಂದು ಅಪಾಯ, ಗಾಜಿನ ಬದಿಯ ಹಾಳೆ. ಹೊಸ ಕ್ಯಾಬಿನೆಟ್ಟುಗಳ ಗಾಜು ಅಥವಾ ಅಕ್ರಿಲಿಕ್ ಬಾಗಿಲಿಗೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಪೊರೆಯನ್ನು ಸರ್ರನೆ ಎಳೆದಾಗ ಗಾಜಿನ ಮೇಲೂ ಪೊರೆಯ ಮೇಲೂ ಸಾವಿರಾರು ವೋಲ್ಟ್ ಹುಟ್ಟುತ್ತದೆ; ಕೂದಲು ನಿಮಿರುವುದನ್ನು ನೋಡಿದರೆ ಗೊತ್ತಾಗುತ್ತದೆ. ಎಲ್ಲ ಮುಗಿದ ಮೇಲೆ ಸಂಭ್ರಮಕ್ಕೆಂದು ಓಡುತ್ತಿರುವ ಮಷಿನ್ನಿನ ಮೇಲೇ ಪೊರೆ ಕೀಳುವ ಅಭ್ಯಾಸ ಬಿಡಿ. ಬಾಗಿಲು ಬಿಚ್ಚಿ, ದೂರ ಒಯ್ದು, ನಿಧಾನವಾಗಿ ಕಿತ್ತು, ಅರೆತೇವದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕೂರಿಸಿ. ಥರ್ಮೋಕೋಲ್, ಗುಳ್ಳೆ ಪ್ಲಾಸ್ಟಿಕ್, ಪ್ಯಾಕಿಂಗ್ ಟೇಪು ಇವೂ ಇದೇ ಜಾತಿ. ಕೆಲಸದ ಮೇಜಿನಿಂದ ಎರಡಡಿ ಆಚೆ ಇರಲಿ. ಪಟ್ಟಿ ಕಟ್ಟಿದ್ದರೂ ಇವುಗಳ ಮೇಲಿನ ಚಾರ್ಜ್ ಹೋಗುವುದಿಲ್ಲ, ಏಕೆಂದರೆ ಇನ್ಸುಲೇಟರಿನಿಂದ ಏನೂ ಹರಿಯುವುದಿಲ್ಲ.

ಚೀಲಗಳಲ್ಲೂ ವ್ಯತ್ಯಾಸವಿದೆ. ಗುಲಾಬಿ ಬಣ್ಣದ್ದು ತಾನು ಚಾರ್ಜ್ ಹುಟ್ಟಿಸುವುದಿಲ್ಲ ಅಷ್ಟೇ, ಹೊರಗಿನ ಕಿಡಿಯನ್ನು ತಡೆಯದು. ಬೂದು-ಬೆಳ್ಳಿ ಬಣ್ಣದ್ದರಲ್ಲಿ ನಡುವೆ ಲೋಹದ ಪದರವಿದ್ದು ಒಳಗಿನ ಭಾಗವನ್ನು ಕಾಪಾಡುತ್ತದೆ. ಸುಕ್ಕುಬಿದ್ದು, ತೂತಾಗಿ ಆ ಪದರ ಬಿರಿದರೆ ಆ ಗುಣ ಹೋಗುತ್ತದೆ. ಅದರ ಮೇಲೆ ಮದರ್‌ಬೋರ್ಡ್ ಇಟ್ಟು ಆನ್ ಮಾಡಿ ನೋಡುವವರಿದ್ದಾರೆ. ಬೇಡ, ಬೋರ್ಡ್ ಬಂದ ರಟ್ಟಿನ ಡಬ್ಬವೇ ಅದಕ್ಕೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ, ಜೋಡಿಸಿದ ಮಷಿನ್ ಆನ್ ಆಗದಿದ್ದರೆ ಸ್ಟ್ಯಾಟಿಕ್ ಮೇಲೆ ಅನುಮಾನ ಕೊನೆಯಲ್ಲಿ ಬರಲಿ. ಮೊದಲು ರ‍್ಯಾಮ್ ಎರಡೂ ತುದಿ ಟಕ್ ಎಂದು ಕೂತಿದೆಯೇ ನೋಡಿ. ಎರಡೇ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟು. ಪ್ರೊಸೆಸರಿಗೆ ಹೋಗುವ 8 ಪಿನ್ನಿನ ಕೇಬಲ್ ಹಾಕುವುದನ್ನೇ ಮರೆಯುವವರು ಬಹಳ. ಬೋರ್ಡಿನಲ್ಲಿ ರಂಧ್ರವಿಲ್ಲದ ಕಡೆ ಸ್ಟ್ಯಾಂಡ್‌ಆಫ್ ಉಳಿದಿದ್ದರೆ ಶಾರ್ಟ್ ಆಗುತ್ತದೆ. ಎಎಂಡಿಯ ಎಎಂ5ರ 1718 ಪಿನ್ನು, ಇಂಟೆಲ್ಲಿನ ಎಲ್‌ಜಿಎ1700ರ 1700 ಪಿನ್ನುಗಳ ಸಾಕೆಟಿನಲ್ಲಿ ಪ್ರೊಸೆಸರ್ ಜಾರಿ ಒಂದು ಪಿನ್ ಬಾಗಿದರೂ ಒಂದು ರ‍್ಯಾಮ್ ಚಾನೆಲ್ಲೇ ಮಾಯವಾಗಬಹುದು. ನನ್ನ ಲೆಕ್ಕದಲ್ಲಿ ಅತಿ ದೊಡ್ಡ ಕೊಲೆಗಾರ, ಬೇರೆ ಎಸ್‌ಎಂಪಿಎಸ್ಸಿನ ಮಾಡ್ಯುಲರ್ (ಎರಡೂ ತುದಿ ಬಿಚ್ಚಿ ಸಿಕ್ಕಿಸಬಹುದಾದ) ಕೇಬಲನ್ನು ಈ ಎಸ್‌ಎಂಪಿಎಸ್ಸಿಗೆ ಚುಚ್ಚುವುದು: ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಸಾಮಾನ್ಯ ನಿಯಮವಿಲ್ಲ, ಚುಚ್ಚಲು ಆಗುತ್ತದೆಂದ ಮಾತ್ರಕ್ಕೆ ಸರಿಯಲ್ಲ. 5 ವೋಲ್ಟಿನ ಜಾಗಕ್ಕೆ 12 ಹೋಗಿ ಹಾರ್ಡ್‌ಡಿಸ್ಕ್ ಸುಟ್ಟರೆ ಯಾವ ಪಟ್ಟಿಯೂ ಕಾಯದು. ಹಾಗೆಯೇ ಎಸ್‌ಎಂಪಿಎಸ್ ಆನ್ ಇರುವಾಗ ಮಷಿನ್ ಮಲಗಿದ್ದರೂ ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಬರುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ರ‍್ಯಾಮ್ ಕಿತ್ತು ಹಾಕುವುದು ಕಿಡಿಗಿಂತ ಹೆಚ್ಚು ಅಪಾಯ. ಸ್ವಿಚ್ ಆಫ್ ಮಾಡಿ, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದು, ಬೋರ್ಡಿನ ಮೇಲಿನ ದೀಪ ಆರಿದ ಮೇಲೆ ಕೈ ಹಾಕಿ.

ಸ್ಟ್ಯಾಟಿಕ್ ಎಂದು ದೂರುವ ಇನ್ನೊಂದು ಸಂಗತಿ ಎಚ್‌ಡಿಎಂಐ ಪೋರ್ಟ್ ಸುಡುವುದು. ಮಷಿನ್ ಅರ್ಥ್ ಆಗಿದೆ, ಟಿವಿ ಎರಡು ಪಿನ್ನಿನ ಪ್ಲಗ್‌ನಲ್ಲಿ ತೇಲುತ್ತಿದೆ, ಅದಕ್ಕೆ ಕೇಬಲ್ ಆಪರೇಟರ್ ಎಳೆದ ತಂತಿ ಬೇರೆ ಸೇರಿದೆ ಎನ್ನಿ. ಎರಡರ ಕವಚದ ನಡುವೆ ಆಗಲೇ ಹತ್ತಾರು ವೋಲ್ಟಿನ ಅಂತರ. ಸೇರಿಸುವಾಗ ಕೇಬಲಿನ ಗ್ರೌಂಡ್ ಮೊದಲು ತಾಗಿದರೆ ಸರಿ, ಓರೆಯಾಗಿ ಸಿಗ್ನಲ್ ಪಿನ್ ತಾಗಿದರೆ ಪೋರ್ಟ್ ಹೋಯಿತು. ಎರಡರ ಪ್ಲಗ್ಗನ್ನೂ ಕಿತ್ತು, ಸೆಟ್‌ಟಾಪ್ ಬಾಕ್ಸಿನ ತಂತಿಯನ್ನೂ ಬಿಚ್ಚಿ, ಎಚ್‌ಡಿಎಂಐ ಸೇರಿಸಿ, ಆಮೇಲೆ ಪ್ಲಗ್ ಹಾಕಿ. ಇನ್ನು ಕುರ್ಚಿಯಿಂದ ಎದ್ದಾಗಲೆಲ್ಲ ಮಾನಿಟರ್ ಕ್ಷಣ ಕಪ್ಪಾಗಿ ಬರುವುದುಂಟು. ಚಕ್ರದ ಕುರ್ಚಿಯ ಗ್ಯಾಸ್ ಲಿಫ್ಟಿನಿಂದ ಹೊಮ್ಮುವ ಕಿರುಕಿಡಿಯ ಅಲೆಯನ್ನು ವಿಡಿಯೊ ಕೇಬಲ್ ಹಿಡಿದುಕೊಳ್ಳುವುದು ಅದಕ್ಕೆ ಕಾರಣ. ಹಾರ್ಡ್‌ವೇರ್ ಕೆಟ್ಟಿಲ್ಲ, ಒಳ್ಳೆಯ ಶೀಲ್ಡ್ ಇರುವ ಗಿಡ್ಡ ಕೇಬಲ್ ಹಾಕಿದರೆ ಬಹಳಷ್ಟು ಸಲ ನಿಲ್ಲುತ್ತದೆ.

ಜೋಡಿಸಿ ವರ್ಷವಾದ ಮೇಲೆ ಧೂಳು ತೆಗೆಯುವಾಗ ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿಯನ್ನು ಬೋರ್ಡಿನ ಹತ್ತಿರ ಒಯ್ಯಬೇಡಿ. ಒಣ ಧೂಳು ಉಜ್ಜಿಕೊಂಡು ಹೋಗುವಾಗ ಮೂತಿ ಚಾರ್ಜ್ ಆಗುತ್ತದೆ. ಬ್ಲೋವರ್ ಬಳಸಿ, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಲ್ಯಾಪ್‌ಟಾಪ್ ಬಿಚ್ಚುವುದಾದರೆ ಅಡಾಪ್ಟರ್ ಕಿತ್ತ ಮೇಲೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು, ಸ್ಟ್ಯಾಟಿಕ್ ಆಮೇಲೆ. ತೆಗೆದಿಟ್ಟ ಹಳೆಯ ರ‍್ಯಾಮನ್ನು ಮೇಜಿನ ಖಾನೆಯಲ್ಲಿ ಪೆನ್ನು, ಕೇಬಲುಗಳ ಜೊತೆ ಹಾಗೇ ಹಾಕದೆ ಬೂದು ಚೀಲದಲ್ಲಿ ಹಾಕಿಡಿ. ಚೀಲದ ಬಾಯಿಯನ್ನು ಎರಡು ಸಲ ಮಡಚಿ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು. ಸೆಲೊಟೇಪ್ ಅಂಟಿಸಿದರೆ ಮುಂದೆ ಅದನ್ನು ಕೀಳುವಾಗ ಮತ್ತೆ ಚಾರ್ಜ್ ಹುಟ್ಟುತ್ತದೆ.